ರಿಪೋರ್ಟ್ ಎಲ್ಲಾ ನಾರ್ಮಲ್, ಆದ್ರೂ ಎದೆ ಢವಢವ: ಮೈಯ ತೊಂದರೆ ಅಂಜಿಕೆಯದ್ದಾ ಅಂತ ತಿಳಿಯೋದು ಹೇಗೆ?

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯೋದು ನನ್ನ ಕೆಲಸ. ಅದು ಮಾರ್ಚ್ ಕೊನೆಯ ವಾರ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ ಒಂದು ಕಡೆ, ಮನೆ ಸಾಲದ ಕಂತು ಇನ್ನೊಂದು ಕಡೆ. ಸಂಜೆ ಏಳರ ಸುಮಾರಿಗೆ ಧಾರವಾಡದ ಚಿಗರಿ ಬಸ್ ಹತ್ತಿದೆ. ನವನಗರ ದಾಟುವಷ್ಟರಲ್ಲಿ ಎದೆ ಒಮ್ಮೆಲೇ ಢವಢವ ಹೊಡೆದುಕೊಳ್ಳತೊಡಗಿತು. ಅಂಗೈ ಒದ್ದೆಯಾಯಿತು. ತುಟಿ, ಬೆರಳ ತುದಿ ಜುಂ ಅಂದವು. ಎಸಿ ಬಸ್ಸಿನಲ್ಲಿ ಕೂತಿದ್ದರೂ ಅಂಗಿ ತೊಯ್ದುಹೋಯಿತು. ಹಾರ್ಟ್ ಅಟ್ಯಾಕ್, ಇಲ್ಲೇ ಮುಗೀತು ನಂದು ಅಂದುಕೊಂಡೆ. ಪಕ್ಕದ ಅಜ್ಜ, "ಯಾಕ ತಮ್ಮಾ, ಮಾರಿ ಹಿಂಗ್ಯಾಕ ಬಿಳಚಿಕೊಂಡೈತಿ?" ಅಂತ ಕೈ ಹಿಡಿದ.

ಮುಂದಿನ ಸ್ಟಾಪಿನಲ್ಲಿ ಇಳಿದು ಆಟೋ ಹಿಡಿದು ಒಂದು ದವಾಖಾನೆಗೆ ಹೋದೆ. ವಿಚಿತ್ರ ಅಂದ್ರೆ, ಗೇಟು ಕಂಡ ಕೂಡಲೇ ಅರ್ಧ ಕಡಿಮೆ ಆಗಿತ್ತು. ಇಸಿಜಿ ನಾರ್ಮಲ್ ಬಂತು. ಬಿಪಿ ಸ್ವಲ್ಪ ಜಾಸ್ತಿ. ಸಲೈನ್ ಹಚ್ಚಿ, ಗ್ಯಾಸಿಗೊಂದು ಇಂಜೆಕ್ಷನ್ ಮಾಡಿ, "ನಿಮಗ ಏನೂ ಆಗಿಲ್ರಿ, ಆರಾಮ ಮನಿಗೆ ಹೋಗ್ರಿ" ಅಂದರು. ಮನೆಯಲ್ಲಿ ಅವ್ವ ಉಪ್ಪು, ಬ್ಯಾಡಗಿ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ನಾಲ್ಕನೇ ದಿನ ಮತ್ತೆ ಅದೇ ಕಥೆ.

ಆಮೇಲೆ ಐದು ತಿಂಗಳು ನಾಲ್ಕು ದವಾಖಾನೆ ಸುತ್ತಿದೆ. ಆರು ಇಸಿಜಿ, ಎರಡು ಎಕೋ, ಒಂದು ಎಂಡೋಸ್ಕೋಪಿ. ಎಲ್ಲಾ ಕಡೆ ಒಂದೇ ಉತ್ತರ, "ಏನೂ ಇಲ್ಲ." ನನಗೆ ಸಿಟ್ಟು ಬರುತ್ತಿದ್ದುದು ಈ ಮಾತಿಗೇ. ಹೃದಯದಲ್ಲಿ ಏನೂ ಇರಲಿಲ್ಲ, ಸರಿ. ಆದರೆ ನನಗೆ ಏನೋ ಆಗುತ್ತಿತ್ತಲ್ಲ? ಅದಕ್ಕೆ ಆತಂಕ ಅಂತ ಹೆಸರಿದೆ, ಔಷಧ ಇದೆ ಅಂತ ಯಾರೂ ಹೇಳಲಿಲ್ಲ.

ನಾನು ಡಾಕ್ಟರ್ ಅಲ್ಲ. ಈ ದಾರಿ ನಡೆದು ಬಂದವನು, ಆಮೇಲೆ ಡಾಕ್ಟರಿಂದ ಕೇಳಿ ತಿಳಿದವನು. ಯಾವ ಕ್ರಮದಲ್ಲಿ ಹೋದರೆ ಆ ಐದು ತಿಂಗಳು ಉಳಿಯುತ್ತಿತ್ತು ಅನ್ನೋದನ್ನಷ್ಟೇ ಇಲ್ಲಿ ಬರೆದಿದ್ದೇನೆ. ಕ್ರಮ ಮುಖ್ಯ. ಮೂರನೇ ಹಂತದಿಂದ ಶುರು ಮಾಡಬೇಡಿ.

ಮೈ ಸುಳ್ಳು ಹೇಳುತ್ತಿಲ್ಲ

ರಾತ್ರಿ ಓಣಿಯಲ್ಲಿ ನಾಯಿ ಬೆನ್ನಟ್ಟಿತು ಅಂದುಕೊಳ್ಳಿ. ಕಿಡ್ನಿಯ ಮೇಲೆ ಟೊಪ್ಪಿಗೆಯ ಹಾಗೆ ಕೂತ ಸಣ್ಣ ಗ್ರಂಥಿಗಳು ಅಡ್ರಿನಲಿನ್ ಅನ್ನೋ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ. ರಕ್ತ ಕಾಲಿನ ಸ್ನಾಯುಗಳಿಗೆ ಹರಿಯುತ್ತದೆ. ಉಸಿರು ಹೆಚ್ಚುತ್ತದೆ. ಮೈ ತಂಪಾಗಲಿ ಅಂತ ಬೆವರು ಬರುತ್ತದೆ. ಹೊಟ್ಟೆ ಮಾತ್ರ ತನ್ನ ಕೆಲಸ ನಿಲ್ಲಿಸುತ್ತದೆ, ಓಡುವಾಗ ಊಟ ಅರಗಿಸುತ್ತಾ ಕೂಡೋಕಾಗುತ್ತಾ? ನೀವು ಓಡುತ್ತೀರಿ, ನಾಯಿ ಹಿಂದೆ ಬೀಳುತ್ತದೆ, ಹತ್ತು ನಿಮಿಷದಲ್ಲಿ ಎಲ್ಲಾ ಇಳಿಯುತ್ತದೆ. ಯಾರೂ ಅದನ್ನು ರೋಗ ಅನ್ನೋದಿಲ್ಲ.

ಅದೇ ತಯಾರಿ ನಾಯಿ ಇಲ್ಲದೇ ಆದರೆ? ಮೈ ಓಡೋಕೆ ಸಿದ್ಧ, ನೀವು ಸೀಟಿನ ಮೇಲೆ ಕೂತಿದ್ದೀರಿ. ಆಗ ಪ್ರತಿ ಬಡಿತವೂ ಕೇಳಿಸುತ್ತದೆ. ನಾಯಿ ಕಾಣದ ಕಾರಣ ಮನಸ್ಸು ಒಳಗೇ ಹುಡುಕುತ್ತದೆ, ಹೃದಯವೇ ಕೆಟ್ಟಿದೆ ಅಂತ ತೀರ್ಮಾನ ಮಾಡುತ್ತದೆ. ಆ ತೀರ್ಮಾನಕ್ಕೆ ಹೆದರಿ ಇನ್ನಷ್ಟು ಅಡ್ರಿನಲಿನ್.

ತುಟಿ, ಬೆರಳು ಜುಂ ಅನ್ನೋದಕ್ಕೂ ಕಾರಣ ಇದೆ. ಹೆದರಿದಾಗ ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದರಿಂದ ಮಿದುಳಿನ ರಕ್ತನಾಳ ಸ್ವಲ್ಪ ಕಿರಿದಾಗಿ ತಲೆ ಹಗುರಾಗುತ್ತದೆ, ನರಗಳು ಜುಮುಗುಡುತ್ತವೆ, ಕೆಲವರ ಕೈಬೆರಳು ಸೆಟೆದು ನಿಲ್ಲುತ್ತವೆ. ತಮಾಷೆ ಏನೆಂದರೆ, ಗಾಳಿ ಹೆಚ್ಚಾಗಿ ತಗೊಂಡದ್ದಕ್ಕೇ ಇದೆಲ್ಲ ಆಗಿರುತ್ತದೆ, ಆದರೆ ಗಾಳಿ ಸಾಲುತ್ತಿಲ್ಲ ಅನ್ನಿಸುತ್ತದೆ. ಹಾಗಾಗಿ ಇನ್ನಷ್ಟು ಎಳೆದುಕೊಳ್ಳುತ್ತೇವೆ.

ಎಲ್ಲರಿಗೂ ಹೀಗೆ ಒಮ್ಮೆಲೇ ಏರಿ ಬರೋದಿಲ್ಲ. ಕೆಲವರಿಗೆ ಸಣ್ಣಗೆ ದಿನವಿಡೀ ಇರುತ್ತದೆ. ತಲೆಗೆ ಪಟ್ಟಿ ಬಿಗಿದ ಹಾಗೆ ನೋವು, ಕುತ್ತಿಗೆ ಬಿಗಿತ, ಗಂಟಲಲ್ಲಿ ಉಂಡೆ ಸಿಕ್ಕ ಹಾಗೆ, ಮೇಲಿಂದ ಮೇಲೆ ಮೂತ್ರ, ಮನೆ ಬಿಡುವ ಮುಂಚೆ ಎರಡು ಸಲ ಸಂಡಾಸು, ಹೊಟ್ಟೆ ಉಬ್ಬರ, ಬೆಳಗ್ಗೆ ಎದ್ದಾಗಲೇ ಸುಸ್ತು.

ನಮ್ಮ ಕಡೆ ಯಾರೂ "ನನಗೆ ಆತಂಕ" ಅಂತ ಹೇಳೋದಿಲ್ಲ ಬಿಡಿ. "ಎದಿ ಹಾರತೈತಿ" ಅಂತಾರೆ. "ತಲಿ ಗಿರ್ರ್ ಅಂತೈತಿ", "ಕೈಕಾಲಾಗ ಜೀವಾನ ಇಲ್ಲ", "ವಾಯು ತುಂಬೈತಿ" ಅಂತಾರೆ. ಹೇಳೋದೆಲ್ಲ ಮೈಯ ಮಾತು, ಹಾಗಾಗಿ ಡಾಕ್ಟರೂ ಮೈಯನ್ನೇ ನೋಡಿ ಕಳಿಸುತ್ತಾರೆ. "ಹಳಹಳಿ" ಅಂತ ಎಷ್ಟು ಚಂದದ ಶಬ್ದ ಇದೆ ನಮ್ಮಲ್ಲಿ. ಅದನ್ನು ದವಾಖಾನೆಯಲ್ಲಿ ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ.

ಹಂತ 1: ಕಾಯಬಾರದ ಲಕ್ಷಣ ಇದೆಯಾ ನೋಡಿ

ಇವುಗಳಲ್ಲಿ ಒಂದಿದ್ದರೂ ಈ ಬರಹ ಓದುತ್ತಾ ಕೂಡಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

- ಎದೆಯ ಮೇಲೆ ಭಾರ ಇಟ್ಟಂತೆ ಅಥವಾ ಹಿಂಡಿದಂತೆ ನೋವು. ಅದು ಎಡಗೈ, ದವಡೆ, ಬೆನ್ನಿಗೆ ಹರಡುವುದು, ಜೊತೆಗೆ ತಣ್ಣನೆ ಬೆವರು. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ಎದೆನೋವು.
- ಮುಖ ಒಂದು ಕಡೆ ವಾಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು. ಇದು ಲಕ್ವ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.
- ಎಚ್ಚರ ತಪ್ಪಿ ಬೀಳುವುದು.
- ಹಿಂದೆಂದೂ ಬಾರದಂಥ ಭಯಂಕರ ತಲೆನೋವು ಏಕಾಏಕಿ ಬರುವುದು.
- ಸುಮ್ನೆ ಕೂತಿದ್ದರೂ ನಾಡಿ ನಿಮಿಷಕ್ಕೆ 150 ದಾಟಿ ಇಳಿಯದೇ ಇರುವುದು.
- ತುಟಿ ನೀಲಿಗಟ್ಟುವುದು, ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು.
- ಕಪ್ಪು ಟಾರಿನಂಥ ಮಲ, ರಕ್ತ ವಾಂತಿ.

ಸಕ್ಕರೆ ಕಾಯಿಲೆ ಇದ್ದವರು, ವಯಸ್ಸಾದವರು, ಹೆಣ್ಣುಮಕ್ಕಳು ವಿಶೇಷ ಎಚ್ಚರ ಇಡಬೇಕು. ಇವರಲ್ಲಿ ಹಾರ್ಟ್ ಅಟ್ಯಾಕ್ ಎದೆನೋವೇ ಇಲ್ಲದೆ ಬರಬಹುದು. ಬರೀ ದಮ್ಮು, ವಿಪರೀತ ಸುಸ್ತು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ ಇಷ್ಟೇ ಇರಬಹುದು. "ಗ್ಯಾಸ್ ಆಗೈತಿ" ಅಂತ ಸೋಡಾ ಕುಡಿದು ಮಲಗೋದು ನಮ್ಮ ಕಡೆಯ ದೊಡ್ಡ ತಪ್ಪು.

ಇನ್ನೊಂದು ಮಾತು. ಮೊದಲ ಸಲ ಎದೆ ಹಾರಿ ಬೆವರು ಬಂದರೆ, "ಇದು ಟೆನ್ಷನ್" ಅಂತ ಮನೆಯಲ್ಲೇ ತೀರ್ಪು ಕೊಡಬೇಡಿ. ಒಂದು ಇಸಿಜಿ ಆಗಲೇಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡ ಮೇಲೆ ಎಷ್ಟೋ ಹುಡುಗರು ಇಸಿಜಿಗೆ ಸಾಲು ನಿಂತರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಈಗ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಇದೆ. ಅದರಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಹಂತ 2: ಒಬ್ಬರೇ ಡಾಕ್ಟರು, ಒಂದೇ ಸುತ್ತು ತಪಾಸಣೆ

ನಾನು ಎಡವಿದ್ದು ಇಲ್ಲೇ. ನಾಲ್ಕು ಕಡೆ ಹೋದೆ, ನಾಲ್ವರೂ ಮೊದಲಿನಿಂದ ಶುರು ಮಾಡಿದರು. ಇಸಿಜಿ ಆರು ಸಲ ಆಯಿತು. ಥೈರಾಯ್ಡ್ ಒಂದು ಸಲವೂ ಆಗಿರಲಿಲ್ಲ!

ನಿಮ್ಮನ್ನು ಬಲ್ಲ ಒಬ್ಬ ಫಿಸಿಶಿಯನ್ ಅಥವಾ ಓಣಿಯ ಎಂಬಿಬಿಎಸ್ ಡಾಕ್ಟರನ್ನು ಆರಿಸಿಕೊಳ್ಳಿ. ಹಳೇ ಕಾಗದ ಎಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಏನೇನು ಪರೀಕ್ಷೆ ಬೇಕು ಅನ್ನೋದು ಅವರ ತೀರ್ಮಾನ. ಸಾಮಾನ್ಯವಾಗಿ ಬಿಪಿ, ನಾಡಿ, ಇಸಿಜಿ, ಹಿಮೋಗ್ಲೋಬಿನ್, ಸಕ್ಕರೆ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡುತ್ತಾರೆ. ಲಕ್ಷಣ ನೋಡಿ ವಿಟಮಿನ್ ಬಿ12, ಕ್ಯಾಲ್ಸಿಯಂ ಸೇರಿಸಬಹುದು.

ಯಾಕೆ ಇವೇ ಅಂದರೆ, ಅಂಜಿಕೆಯ ವೇಷ ಹಾಕಿಕೊಂಡು ಬರುವ ಕಾಯಿಲೆಗಳಿವೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ಎದೆ ಹಾರುತ್ತದೆ, ಕೈ ನಡುಗುತ್ತದೆ, ಬೆವರು ಬರುತ್ತದೆ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ರಕ್ತ ಕಡಿಮೆ ಇದ್ದರೆ ನಾಲ್ಕು ಮೆಟ್ಟಿಲಿಗೇ ಎದೆ ಬಡಿದುಕೊಳ್ಳುತ್ತದೆ, ಹೆಣ್ಣುಮಕ್ಕಳಲ್ಲಿ ಇದು ಬಹಳ. ಸಕ್ಕರೆ ಗುಳಿಗೆ ತಗೊಂಡು ಊಟ ತಡವಾಗಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ನಡುಕ, ಬೆವರು, ಹೆದರಿಕೆ ಎಲ್ಲಾ ಬರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಒಮ್ಮೆಲೇ ಬಿಸಿಯಾಗಿ ಎದೆ ಹಾರೋದು ಸಾಮಾನ್ಯ. ಹೃದಯದ ತಾಳ ತಪ್ಪುವ ಒಂದು ತೊಂದರೆಯಲ್ಲಿ ಬಡಿತ ಸ್ವಿಚ್ ಹಾಕಿದ ಹಾಗೆ ಟಕ್ ಅಂತ ಶುರುವಾಗಿ, ಟಕ್ ಅಂತ ನಿಲ್ಲುತ್ತದೆ.

ನೀವೇನು ತಗೋತೀರಿ ಅನ್ನೋದನ್ನೂ ಮುಚ್ಚಿಡದೆ ಹೇಳಿ. ದಮ್ಮಿನ ಪಂಪು, ಮೂಗು ಕಟ್ಟಿದ್ದಕ್ಕೆ ತಗೊಳ್ಳುವ ಕೆಲವು ನೆಗಡಿ ಗುಳಿಗೆ, ಲೆಕ್ಕಕ್ಕಿಂತ ಹೆಚ್ಚಾದ ಥೈರಾಯ್ಡ್ ಗುಳಿಗೆ, ಎಲ್ಲವೂ ಎದೆಬಡಿತ ಏರಿಸುತ್ತವೆ. ಗುಟ್ಕಾ, ಜರ್ದಾ, ಸಿಗರೇಟಿನ ನಿಕೋಟಿನ್ ಕೂಡ ಹಾಗೇ. ಎಪಿಎಂಸಿಯಲ್ಲಿ ಗಿರಾಕಿ ಬಂದಾಗೊಮ್ಮೆ ಅರ್ಧ ಕಪ್ ಚಹಾ. ನಾನು ಒಂದು ದಿನ ಎಣಿಸಿದೆ, ಹನ್ನೊಂದಾಗಿತ್ತು. ದಿನಾ ಕುಡಿಯುವವರು ದಾರು ಏಕಾಏಕಿ ಬಿಟ್ಟರೆ ನಡುಕ, ಬೆವರು ಬರುತ್ತದೆ. ಅದು ಜೀವಕ್ಕೇ ಅಪಾಯ ಆಗಬಹುದು, ಡಾಕ್ಟರ ಸಲಹೆ ಇಲ್ಲದೆ ಬಿಡಬೇಡಿ.

ಈ ಸುತ್ತು ಮುಗಿದ ಮೇಲೆ ಒಂದು ಪ್ರಶ್ನೆ ನೇರವಾಗಿ ಕೇಳಿ: "ಡಾಕ್ಟರೇ, ಇನ್ನೇನಾದರೂ ಪರೀಕ್ಷೆ ಬಾಕಿ ಇದೆಯಾ? ಯಾವ ಲಕ್ಷಣ ಬಂದರೆ ಮತ್ತೆ ಬರಬೇಕು?" ಉತ್ತರ ಬರೆದುಕೊಳ್ಳಿ. ಆಮೇಲೆ ಧೈರ್ಯಕ್ಕೆ ಅಂತ ಇನ್ನೊಂದು ಇಸಿಜಿ ಬೇಡ.

ಹಂತ 3: ಎರಡು ವಾರ ಒಂದು ನೋಟ್‌ಬುಕ್

ನನಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಇಪ್ಪತ್ತು ರೂಪಾಯಿಯ ನೋಟ್‌ಬುಕ್. ಲೆಕ್ಕ ಬರೆಯುವವನಿಗೆ ಇದು ಕಷ್ಟ ಅಲ್ಲ ಬಿಡಿ. ಯಾವಾಗ, ಎಲ್ಲಿ, ಏನಾಯಿತು, ಎಷ್ಟು ಹೊತ್ತು, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ, ಏನು ತಿಂದಿದ್ದೆ, ತಲೆಯಲ್ಲಿ ಏನು ಓಡುತ್ತಿತ್ತು, ಹೇಗೆ ಕಡಿಮೆಯಾಯಿತು. ಮುಖ್ಯವಾಗಿ, ಏನೂ ಆಗದ ದಿನವನ್ನೂ ಬರೆಯಬೇಕು. ನನ್ನ ಪುಸ್ತಕದ ನಾಲ್ಕು ಸಾಲು:

"ಸೋಮವಾರ, ಬೆಳಗ್ಗೆ 9:40. ಎದೆ ಹಾರಿತು, ನಾಡಿ 112. ಖಾಲಿ ಹೊಟ್ಟೆಗೆ ಎರಡು ಚಹಾ. ಆಗಷ್ಟೇ ಬ್ಯಾಂಕಿನಿಂದ ಫೋನ್. 15 ನಿಮಿಷ."

"ಬುಧವಾರ, ಸಂಜೆ 7:10, ಚಿಗರಿ ಬಸ್, ನವನಗರ. ಇಲ್ಲೇ ಆಗಿತ್ತಲ್ಲ ಅಂತ ನೆನಪಾಯಿತು, ಆಯಿತು. ತುಟಿ ಜುಂ. 20 ನಿಮಿಷ."

"ಶನಿವಾರ. ಲಕ್ಷ್ಮೇಶ್ವರದಲ್ಲಿ ಅಣ್ಣನ ಮಗಳ ಮದುವೆ. ದಿನವಿಡೀ ಬಡಿಸಿದೆ. ಅಕ್ಕಿ ಚೀಲ ಹೊತ್ತು ಮೂರು ಸಲ ಮಾಳಿಗೆ ಹತ್ತಿದೆ. ಏನೂ ಆಗಲಿಲ್ಲ."

"ರವಿವಾರ, ರಾತ್ರಿ 10. ನಾಳೆ ಅಂಗಡಿ ಅಂತ ನೆನಪಾಯಿತು. ಹೊಟ್ಟೆ ಕಲಸಿತು, ಎರಡು ಸಲ ಸಂಡಾಸು."

ಇದರಲ್ಲಿ ಯಾವ ಸಾಲು ಮುಖ್ಯ ಅನ್ನಿಸುತ್ತದೆ? ನಾನು ಬುಧವಾರದ್ದು ಅಂದುಕೊಂಡಿದ್ದೆ. ಡಾಕ್ಟರು ಬೆರಳಿಟ್ಟಿದ್ದು ಶನಿವಾರದ ಮೇಲೆ. "ಅಕ್ಕಿ ಚೀಲ ಹೊತ್ತು ಮಾಳಿಗಿ ಹತ್ತಿದ್ರೂ ಸುಮ್ನಿದ್ದ ಎದಿ, ಬಸ್ಸಿನ್ಯಾಗ ಕುಂತಾಗ ಯಾಕ ಹಾರತೈತಿ?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಹಂತ 4: ಪುಸ್ತಕ ಓದೋದು ಹೀಗೆ

ಅಂಜಿಕೆಯ ಕಡೆ ಬೆರಳು ತೋರಿಸುವ ಗುರುತುಗಳಿವು. ತೊಂದರೆ ಕೂತಾಗ, ಯೋಚನೆ ಬಂದಾಗ ಶುರುವಾಗುತ್ತದೆ. ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಕೆಲಸದಲ್ಲಿ ಮುಳುಗಿದಾಗ, ಹರಟೆ ಹೊಡೆಯುವಾಗ ಮಾಯವಾಗಿರುತ್ತದೆ. ಒಂದೇ ಜಾಗ, ಒಂದೇ ಹೊತ್ತಿಗೆ ಮರಳಿ ಬರುತ್ತದೆ. ದವಾಖಾನೆ ಗೇಟು ಕಂಡರೆ ಇಳಿಯುತ್ತದೆ. ಊರೂರು ಸುತ್ತುವ ಹಾಗೆ ಜಾಗ ಬದಲಿಸುತ್ತದೆ. ಎದೆಯ ರಿಪೋರ್ಟ್ ನಾರ್ಮಲ್ ಬಂದ ವಾರ ತಲೆಗೆ ಹೋಗುತ್ತದೆ, ತಲೆಯ ಸ್ಕ್ಯಾನ್ ನಾರ್ಮಲ್ ಬಂದರೆ ಹೊಟ್ಟೆಗೆ ಇಳಿಯುತ್ತದೆ. ನನ್ನದು ಮಾರ್ಚಿನಲ್ಲಿ ಹಾರ್ಟ್ ಆಗಿತ್ತು, ಜೂನ್ ಹೊತ್ತಿಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು. ನನ್ನ ತಲೆಯೊಳಗೆ ಮಾತ್ರ.

ಇದಕ್ಕೆ ಉಲ್ಟಾ ಗುರುತುಗಳೂ ಇವೆ. ಪ್ರತಿ ಸಲ ಶ್ರಮ ಪಟ್ಟಾಗಲೇ ಬರುವುದು. ಒಂದೇ ಕಡೆ ನೋವು ನಿಂತು ವಾರದಿಂದ ವಾರಕ್ಕೆ ಏರುವುದು. ನೋವೇ ನಿದ್ದೆಯಿಂದ ಎಬ್ಬಿಸುವುದು. ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಜ್ವರ, ಮಲದಲ್ಲಿ ರಕ್ತ, ನುಂಗಲು ತ್ರಾಸು. ನಾಡಿ ತಾಳ ತಪ್ಪಿ ಬಡಿಯುವುದು. ಹೊಸ ಗುಳಿಗೆ ಶುರುವಾದ ವಾರದಿಂದಲೇ ತೊಂದರೆ ಆರಂಭವಾಗಿರುವುದು. ಜೀವನದಲ್ಲಿ ಯಾವತ್ತೂ ಇಂಥದ್ದು ಇಲ್ಲದೆ, ನಲವತ್ತೈದು, ಐವತ್ತರ ಮೇಲೆ ಮೊದಲ ಸಲ ಬರುವುದು. ಇಂಥದ್ದು ಪುಸ್ತಕದಲ್ಲಿ ಕಂಡರೆ ಹಂತ 2ಕ್ಕೆ ವಾಪಸ್ ಹೋಗಿ.

ಎರಡೂ ಕಡೆಯ ಗುರುತು ಬೆರೆತಿದ್ದರೆ ಗಾಬರಿ ಬೇಡ. ಒಬ್ಬರಿಗೇ ಎರಡೂ ಇರಬಹುದು. ನಮ್ಮ ದೊಡ್ಡವ್ವಗೆ ಅಸ್ತಮಾ ಇತ್ತು, ದಮ್ಮು ಬರುತ್ತದೆ ಅನ್ನೋ ಅಂಜಿಕೆಯೂ ಇತ್ತು. ಪಂಪು ಮನೆಯಲ್ಲಿ ಮರೆತು ಬಂದದ್ದು ನೆನಪಾದರೆ ಸಾಕು, ದಮ್ಮು ಶುರು. ಯಾವುದನ್ನೂ ಸುಳ್ಳು ಅನ್ನೋಕಾಗದು. ಎರಡಕ್ಕೂ ಔಷಧ ಬೇಕಿತ್ತು. ಹಾಗೇ, ಅಂಜಿಕೆಯೇ ಕೆಲವರನ್ನು ನಡುರಾತ್ರಿ ನಿದ್ದೆಯಿಂದ ಎಬ್ಬಿಸುವುದೂ ಉಂಟು. ಒಂದು ಗುರುತು ಹಿಡಿದು ತೀರ್ಮಾನ ಮಾಡಬೇಡಿ, ಪೂರ್ತಿ ಪುಟ ನೋಡಿ.

ಹಂತ 5: ಮನಸ್ಸಿನ ಲೆಕ್ಕವನ್ನೂ ಬರೆಯಿರಿ

"ನನಗೇನೂ ಟೆನ್ಷನ್ ಇಲ್ರಿ" ಅಂತ ನಾನು ಪ್ರತಿ ಡಾಕ್ಟರಿಗೂ ಹೇಳಿದ್ದೆ. ಸುಳ್ಳು ಹೇಳಿದ್ದಲ್ಲ, ನಾನು ನಂಬಿದ್ದೇ ಹಾಗೆ. ಗಂಡಸು, ಮನೆ ನಡೆಸುವವನು, ಟೆನ್ಷನ್ ಅಂದರೆ ಅಳುವುದು ಅಂದುಕೊಂಡಿದ್ದೆ.

ಡಾಕ್ಟರುಗಳು ಬಳಸುವ ಜಿಎಡಿ-7 ಅನ್ನೋ ಏಳು ಪ್ರಶ್ನೆಗಳ ಪಟ್ಟಿ ಇದೆ. ಹೋದ ಎರಡು ವಾರದಲ್ಲಿ ಇವು ಎಷ್ಟು ಸಲ ಆದವು ಅಂತ ಕೇಳುತ್ತದೆ: ಹೆದರಿಕೆ ಅಥವಾ ತಳಮಳ, ಚಿಂತೆಯನ್ನು ನಿಲ್ಲಿಸಲಾಗದಿರುವುದು, ಹಲವು ವಿಷಯಕ್ಕೆ ಅತಿಯಾದ ಚಿಂತೆ, ಮೈ ಸಡಿಲ ಬಿಡಲಾಗದಿರುವುದು, ಒಂದು ಕಡೆ ಕೂಡಲಾಗದ ಚಡಪಡಿಕೆ, ಸಣ್ಣದಕ್ಕೂ ಸಿಟ್ಟು, ಏನೋ ಕೆಟ್ಟದ್ದು ಆಗುತ್ತದೆ ಅನ್ನೋ ಅಂಜಿಕೆ. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನಾಲೂ 3. ಕೂಡಿಸಿದರೆ ಗರಿಷ್ಠ 21. ಮೊತ್ತ 10 ಅಥವಾ ಹೆಚ್ಚಿದ್ದರೆ ಡಾಕ್ಟರ ಹತ್ತಿರ ಮಾತಾಡಬೇಕು ಅಂತ ಲೆಕ್ಕ. ನನ್ನದು 16 ಬಂತು. ಟೆನ್ಷನ್ ಇಲ್ಲದವನಿಗೆ ಹದಿನಾರು!

ಅಂಕ ಬಂದ ಮಾತ್ರಕ್ಕೆ ರೋಗ ಖಾತ್ರಿ ಆಗಲ್ಲ, ಕಡಿಮೆ ಬಂದರೆ ಇಲ್ಲ ಅಂತಲೂ ಅಲ್ಲ. ಡಾಕ್ಟರ ಜೊತೆ ಮಾತು ಶುರು ಮಾಡಲು ಇದೊಂದು ದಾರಿ. ಚಿಂತೆ ಮುಗಿದ ಮೇಲೆ ಮೈ ತೊಂದರೆ ಕೊಡುವುದೂ ಇದೆ. ಮಗಳ ಮದುವೆ ಸುಸೂತ್ರವಾಗಿ ಆಗಿ, ಎಲ್ಲಾ ಮುಗಿದು ಮನೆ ಖಾಲಿಯಾದ ವಾರ ತಲೆ ತಿರುಗಿ ಬಿದ್ದವರನ್ನು ನೋಡಿದ್ದೇನೆ. ಆಗ "ಈಗ್ಯಾಕ ಟೆನ್ಷನ್, ಎಲ್ಲಾ ಚಲೋ ಆಗೈತಲ್ಲ" ಅನ್ನೋ ಮಾತಿಗೆ ಅರ್ಥ ಇಲ್ಲ.

ಬದುಕೋದೇ ಬೇಡ ಅನ್ನೋ ಯೋಚನೆ ಬರುತ್ತಿದ್ದರೆ ಅಂಕ, ಪುಸ್ತಕ ಎಲ್ಲಾ ಬದಿಗಿಡಿ. ಇವತ್ತೇ ಯಾರಿಗಾದರೂ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸೇವೆ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಹಂತ 6: ಪರೀಕ್ಷಿಸುವ ಚಟ ಇದೆಯಾ?

ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ನಮ್ಮ ಮನೆಯಲ್ಲಿತ್ತು. 98 ಬಂದರೆ ಸಮಾಧಾನ, 97 ಬಂದರೆ ನಿದ್ದೆ ಇಲ್ಲ. ಒಂದು ರಾತ್ರಿ ಬಿಪಿ ಹನ್ನೊಂದು ಸಲ ನೋಡಿದೆ. ನೋಡಿದಷ್ಟೂ ಏರಿತು, ಏರಿದ್ದಕ್ಕೆ ಮತ್ತೆ ನೋಡಿದೆ. ಕೊನೆಗೆ ನಮ್ಮಾಕೆ, "ಅದನ್ನರ ಸ್ವಲ್ಪ ಮಲಗಾಕ ಬಿಡ್ರಿ" ಅಂತ ಮಷೀನು ಕಸಿದುಕೊಂಡಳು.

ಯೂಟ್ಯೂಬಿನಲ್ಲಿ ಲಕ್ಷಣ ಹುಡುಕುವುದು, ಕುತ್ತಿಗೆ ಒತ್ತಿ ಗಂಟು ನೋಡಿಕೊಳ್ಳುವುದು, "ನನಗೇನೂ ಆಗಲ್ಲ ಅಲ್ವಾ?" ಅಂತ ಮನೆಯವರನ್ನು ದಿನಾ ಕೇಳುವುದು, ಇವೆಲ್ಲ ಒಂದೇ ಜಾತಿ. ಅರ್ಧ ಗಂಟೆ ನೆಮ್ಮದಿ ಕೊಟ್ಟು ಸಂಶಯ ಬೆಳೆಸುತ್ತವೆ. ಎಷ್ಟು ಸಲ ಮಾಡಿದಿರಿ ಅಂತ ಪುಸ್ತಕದಲ್ಲಿ ಗೀಟು ಹಾಕಿ. ಬಿಪಿ ಇರುವವರು ಡಾಕ್ಟರು ಹೇಳಿದಷ್ಟು ಸಲ ನೋಡಿ, ಅಷ್ಟೇ.

ಹಂತ 7: ಮತ್ತೆ ಬಂದಾಗ ಒಂದು ಪ್ರಯೋಗ

ಇದು ಹಂತ 1, 2 ದಾಟಿ ಡಾಕ್ಟರಿಂದ "ಹೃದಯ ಸರಿ ಇದೆ" ಅನ್ನಿಸಿಕೊಂಡವರಿಗೆ ಮಾತ್ರ. ಎಂದಿನಂಥದ್ದೇ ಬಂದರೆ, ಕಾಲು ನೆಲಕ್ಕೂರಿ ಕೂಡಿ. ಒಂದು ಕೈ ಹೊಟ್ಟೆಯ ಮೇಲಿಡಿ. ಮೂಗಿನಿಂದ ನಾಲ್ಕು ಎಣಿಸುತ್ತಾ ಉಸಿರು ತಗೊಳ್ಳಿ, ಆರು ಎಣಿಸುತ್ತಾ ಬಿಡಿ. ದೀರ್ಘವಾಗಿ ಎಳೆದುಕೊಳ್ಳಬೇಡಿ, ತೊಂದರೆ ಶುರುವಾದದ್ದೇ ಅದರಿಂದ. ಬಿಡುವುದು ಉದ್ದ ಇರಲಿ. ಐದು ನಿಮಿಷ ಮಾಡಿ. ಬೆರಳ ಜುಮುಜುಮು ಮೆಲ್ಲಗೆ ಇಳಿಯುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೇ ಉಪಾಯ ಬೇಡ, ನಿಜವಾದ ದಮ್ಮು ಅಥವಾ ಹೃದಯದ ತೊಂದರೆ ಇದ್ದರೆ ಅಪಾಯ.

ಸಾಧ್ಯ ಆದರೆ ಇದ್ದ ಜಾಗದಲ್ಲೇ ಇರಿ. ನಾನು ಪ್ರತಿ ಸಲ ನವನಗರದಲ್ಲಿ ಇಳಿದುಬಿಡುತ್ತಿದ್ದೆ. ಇಳಿದ ತಕ್ಷಣ ಆರಾಮ ಆಗುತ್ತಿತ್ತು. ಹಾಗಾಗಿ ಬಸ್ಸೇ ಅಪಾಯ, ಇಳಿದದ್ದಕ್ಕೇ ಬದುಕಿದೆ ಅಂತ ಮೈ ಪಾಠ ಕಲಿತಿತ್ತು. ಆಮೇಲೆ ಇನ್ನೊಂದು ಸ್ಟಾಪು, ಇನ್ನೊಂದು ಸ್ಟಾಪು ಅಂತ ಕೂತೆ. ರಾಯಾಪುರ ಬಂತು, ಸತ್ತೂರು ಬಂತು. ಸತ್ತೂರು ದಾಟುವಷ್ಟರಲ್ಲಿ ಅದೇ ಇಳಿದಿತ್ತು.

ಉಸಿರಾಟದಿಂದ ಕಡಿಮೆ ಆದರೆ ಅದೂ ಒಂದು ಸುಳಿವು, ಪುಸ್ತಕಕ್ಕೆ ಬರೆಯಿರಿ. ಯಾವತ್ತಿನಂತೆ ಇಲ್ಲ, ಬೇರೆ ಥರ ಇದೆ ಅನ್ನಿಸಿದರೆ ಪ್ರಯೋಗ ಬಿಟ್ಟು ಆಸ್ಪತ್ರೆಗೆ ಹೋಗಿ.

ಹಂತ 8: ಎಲ್ಲಿಗೆ ಹೋಗೋದು, ಏನು ಹೇಳೋದು

ನಮ್ಮ ಕಡೆ ಚೇಷ್ಟೆಗೆ "ನಿನ್ನ ಧಾರವಾಡಕ್ಕ ಕಳಸಬೇಕು" ಅಂತಾರಲ್ಲ. ಆ ಮಾತಿನ ಹೆದರಿಕೆಗೇ ನಾನು ಎರಡು ತಿಂಗಳು ಕಳೆದೆ. ಧಾರವಾಡದಲ್ಲೇ ಮನೆ ಇದ್ದವನು! ಆ ಮಾತಿನಲ್ಲಿರೋದು ಬೆಳಗಾವಿ ರಸ್ತೆಯ ಡಿಮ್ಹಾನ್ಸ್, ಸರ್ಕಾರದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ನನ್ನಂಥವರೇ ಕೂತಿದ್ದರು. ನಿದ್ದೆ ಬಾರದ ಮಾಸ್ತರು, ತಲೆನೋವಿನ ಹೆಣ್ಣುಮಗಳು, ಪರೀಕ್ಷೆಗೆ ಹೆದರಿದ ಹುಡುಗ.

ಹುಬ್ಬಳ್ಳಿಯವರಿಗೆ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ. ಅದರ ಹೆಸರು ಈಗ ಕೆಎಂಸಿಆರ್‌ಐ, ಆಟೋದವರಿಗೆ ಮಾತ್ರ ಕಿಮ್ಸ್ ಅಂದರೇ ತಿಳಿಯೋದು. ಗದಗದವರು ಅಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ, ಹಾವೇರಿಯವರು ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿ.

ಒಳಗೆ ಹೋದ ಮೇಲೆ ಪುಸ್ತಕ ಮುಂದಿಟ್ಟು ಇಷ್ಟು ಹೇಳಿ: ಎಷ್ಟು ತಿಂಗಳಿಂದ ಇದೆ, ಯಾವ ಪರೀಕ್ಷೆ ಆಗಿದೆ, ಇದರಿಂದ ಏನು ಮಾಡೋದು ಬಿಟ್ಟಿದ್ದೀರಿ. ಕೊನೆಯದು ಮರೆಯಬೇಡಿ. ಬಸ್ಸು ಬಿಟ್ಟೆ, ಮದುವೆಗೆ ಹೋಗೋದು ಬಿಟ್ಟೆ, ಒಬ್ಬನೇ ಮಲಗೋದು ಬಿಟ್ಟೆ ಅನ್ನೋದು ಡಾಕ್ಟರಿಗೆ ಬಹಳ ತಿಳಿಸುತ್ತದೆ.

ಔಷಧದ ಬಗ್ಗೆ ಎರಡು ಮಾತು. ಇದಕ್ಕೆ ಸಾಮಾನ್ಯವಾಗಿ ಕೊಡುವ ಗುಳಿಗೆಗಳು ಕೆಲಸ ಶುರು ಮಾಡೋಕೆ ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಹೆಚ್ಚಾಗಬಹುದು. ಅದಕ್ಕೆ ಹೆದರಿ ಬಿಟ್ಟುಬಿಡಬೇಡಿ, ಫೋನ್ ಮಾಡಿ ಕೇಳಿ. ಆರಾಮ ಆದ ಮೇಲೂ ಹಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಅಲ್ಪ್ರಾಝೋಲಂ ಥರದ ಗುಳಿಗೆ ಅರ್ಧ ಗಂಟೆಯಲ್ಲಿ ಆರಾಮ ಕೊಡುತ್ತದೆ, ಅದರಿಂದಲೇ ಚಟ ಹತ್ತುತ್ತದೆ. ಪರಿಚಯದ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳಬೇಡಿ. ಗುಳಿಗೆ ಇಲ್ಲದೆ, ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆಯಿಂದಲೂ ಬಹಳ ಜನ ಸುಧಾರಿಸುತ್ತಾರೆ. ನನಗೆ ಎರಡೂ ಬೇಕಾಯಿತು.

ಮನೆಯವರಿಗೆ

"ನಿನಗ ಏನೂ ಆಗಿಲ್ಲ, ಸುಮ್ನ ನಾಟಕ ಮಾಡಬ್ಯಾಡ" ಅನ್ನಬೇಡಿ. "ಮನಸ್ಸು ಗಟ್ಟಿ ಮಾಡ್ಕೊ" ಕೂಡ ಬೇಡ. ಪಕ್ಕದಲ್ಲಿ ಕೂತು ಉಸಿರು ಎಣಿಸಿ. ಅವ್ವ ದೃಷ್ಟಿ ತೆಗೆದರೆ ತೆಗೆಯಲಿ, ಸಿದ್ಧಾರೂಢರ ಮಠಕ್ಕೆ ಹೋಗಿ ಹತ್ತು ನಿಮಿಷ ಕೂತು ಬಂದರೂ ಚಲೋನೇ. ಗುಳಿಗೆ ಮಾತ್ರ ತಪ್ಪಿಸಬೇಡಿ.

ಹೊಸ ಲಕ್ಷಣ ಬಂದರೆ

ಅಂಜಿಕೆ ಅಂತ ಗೊತ್ತಾದ ಮೇಲೆ ಇನ್ನೊಂದು ಅಪಾಯ ಇದೆ. ಮುಂದೆ ಬರೋದೆಲ್ಲ ಅದೇ ಖಾತೆಗೆ ಜಮಾ ಆಗುತ್ತದೆ. ಮರು ವರ್ಷ ನನಗೆ ಎರಡೂ ಪಾದ ಜುಂ ಅನ್ನತೊಡಗಿದವು. ಮನೆಯಲ್ಲಿ, "ಮತ್ತ ಶುರುವಾತು ನೋಡ್ರಿ ನಿಮ್ಮದು" ಅಂದರು. ನನಗೂ ಹಾಗೇ ಅನ್ನಿಸಿತು. ಮತ್ತೆ ಪುಸ್ತಕ ತೆರೆದು ಒಂದು ವಾರ ಬರೆದೆ. ಬಸ್ಸಿನಲ್ಲೂ ಜುಂ, ಹಾಸಿಗೆಯಲ್ಲೂ ಜುಂ, ನಕ್ಕಾಗಲೂ ಜುಂ. ಅರ್ಧ ಗಂಟೆಯಲ್ಲಿ ಇಳಿಯುವ ಲಕ್ಷಣವೇ ಇಲ್ಲ, ಉಸಿರಾಟಕ್ಕೂ ಜಗ್ಗಲಿಲ್ಲ. ಅದೇ ಡಾಕ್ಟರ ಹತ್ತಿರ ಹೋದೆ, ರಕ್ತ ಪರೀಕ್ಷೆ ಮಾಡಿಸಿದರು. ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರು ಮಾಡಿದರು. ಪಾದ ಪೂರ್ತಿ ಸರಿಯಾಗಲು ಮೂರು ತಿಂಗಳು ಹಿಡಿಯಿತು.